ಕಳಸಗಿತ್ತಿಯ ನಡು

ಬ್ಲೌಸು ಉದ್ದವಾಗಿತ್ತು. ಬೊಟಿಕ್ಕಿನ ಮೂಲೆಯಲ್ಲಿ ಪರದೆ ಎಳೆದುಕೊಂಡು ಕನ್ನಡಿಯ ಮುಂದೆ ನಿಂತ ತೇಜಶ್ರೀಗೆ ಮೊದಲು ಕಂಡದ್ದೇ ಅದು. ಎದೆಯ ಕೆಳಗೆ ನಿಲ್ಲಬೇಕಾಗಿದ್ದ ಅಂಚು ನಿಲ್ಲದೆ ಹೊಟ್ಟೆಯ ಮೇಲೆ ಇಳಿದು, ಸೀರೆ ಸಿಕ್ಕಿಸುವ ಜಾಗದವರೆಗೆ ಹೋಗಿ ಕೂತಿತ್ತು. ಅಳತೆ ಕೊಟ್ಟ ದಿನ ಅವಳು ಬೆರಳಿಟ್ಟು ತೋರಿಸಿದ್ದು ಬೇರೆ ಜಾಗವನ್ನು. ನಾಳೆ ತಮ್ಮನ ಧಾರೆ, ಇವತ್ತು ಮಧ್ಯಾಹ್ನ ತವರಿನಲ್ಲಿ ಚಪ್ಪರದ ಶಾಸ್ತ್ರ, ಬ್ಲೌಸು ಕೈಗೆ ಬಂದಿರುವುದು ಈಗ. ಬೆಳಗ್ಗೆ ಅರಕಲಗೂಡಿನಿಂದ ಹೊರಡುವಾಗಲೇ ಗಂಡ ಕುಮಾರ್ ಹೇಳಿದ್ದ, ಹಾಸನದ ಟೈಲರುಗಳ ಪಂಚಾಂಗದಲ್ಲಿ ಮುಹೂರ್ತದ ಹಿಂದಿನ ದಿನ ಅಂದರೆ ಬಹಳ ಬೇಗ, ಸಿಕ್ಕಿದ್ದೇ ಪುಣ್ಯ ಅಂತ ತಗೊಂಡು ಬಾ, ಜಗಳಕ್ಕೆ ನಿಲ್ಲಬೇಡ ಅಂತ. ಅವಳು ಜಗಳಕ್ಕೆ ನಿಂತವಳೇ ಅಲ್ಲ. ಅದೇ ಈಗ ಅವಳಿಗೆ ಸಿಟ್ಟು ಬರಿಸುತ್ತಿತ್ತು.

"ಹೆಂಗಿದೆ ಮೇಡಂ? ಹೊಟ್ಟೆ ಫುಲ್ ಕವರ್ ಆಯ್ತಲ್ಲ?" ಪರದೆಯ ಆಚೆಯಿಂದ ಬೊಟಿಕ್ಕಿನ ಸೌಜನ್ಯ ಕೇಳಿದಳು.

"ಕವರ್ ಮಾಡಿ ಅಂತ ಯಾರು ಹೇಳಿದ್ದು?"

"ನಿಮ್ಮಮ್ಮ ಫೋನ್ ಮಾಡಿದ್ರಲ್ಲ ಮೇಡಂ. ನಮ್ಮ ತೇಜು ಹೇಳಿದ್ದನ್ನ ತಲೆಗೆ ಹಾಕ್ಕೋಬೇಡವ್ವ, ಹೊಟ್ಟೆ ಕಾಣ್ದಂಗೆ ಉದ್ದಕ್ಕೆ ಇಡು ಅಂದ್ರು. ನಿಮಗೂ ಹೇಳಿರ್ತಾರೆ ಅಂದ್ಕೊಂಡೆ."

ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಅವ್ವ ಈ ಹೊಟ್ಟೆಯನ್ನು ಮುಚ್ಚುತ್ತ ಬಂದದ್ದು ಇಂದು ನಿನ್ನೆಯಿಂದಲ್ಲ. ಬಂದವರಿಗೆ ಉಪ್ಪಿಟ್ಟು ಬಡಿಸುತ್ತ, ಹಾಲು ಒಡೆದುಹೋಯಿತು ಎನ್ನುವಷ್ಟೇ ಸಲೀಸಾಗಿ, ನಮ್ಮ ತೇಜುಗೆ ನಡುವೇ ಕೊಡ್ಲಿಲ್ಲ ಕಣವ್ವ ದ್ಯಾವ್ರು ಎನ್ನುತ್ತಿದ್ದಳು. ಬಂದವರು ಉಪ್ಪಿಟ್ಟು ಬಾಯಿಗಿಟ್ಟುಕೊಂಡೇ ತಿರುಗಿ ನೋಡುತ್ತಿದ್ದರು. ದಾವಣಿ ಹಾಕುವ ವಯಸ್ಸಿನಲ್ಲಿ ಸೆರಗನ್ನು ಮುಂದಕ್ಕೆ ಎಳೆದು ಎರಡು ಪಿನ್ನು ಚುಚ್ಚಿ ಕಳಿಸುತ್ತಿದ್ದಳು. ಕುಮಾರ್ ಮನೆಯವರು ಹೆಣ್ಣು ನೋಡಲು ಬಂದ ದಿನ ಅವಳನ್ನು ಟೀಪಾಯಿಯ ಹಿಂದಿನ ಕುರ್ಚಿಯಲ್ಲಿ ಮೊದಲೇ ಕೂರಿಸಿ, ಅವರು ಹೋಗುವ ತನಕ ಏಳಬೇಡ ಎಂದಿದ್ದಳು. ಹಿರಿಯರ ಕಾಲಿಗೆ ಬೀಳು ಎಂದು ಯಾರೋ ಹೇಳಿದಾಗಲೂ ಅವ್ವ ಅಡ್ಡ ಬಂದು, ಅಯ್ಯೋ ಇರ್ಲಿ ಬಿಡಿ, ಕೂತೇ ಕೈ ಮುಗೀಲಿ ಎಂದಿದ್ದಳು. ಮದುವೆಯಾಗಿ ಎಷ್ಟೋ ದಿನದ ಮೇಲೆ ಕುಮಾರ್ ನಗುತ್ತ ಕೇಳಿದ್ದ, ಅವತ್ತು ಯಾಕೆ ಎದ್ದೇಳಲಿಲ್ಲ ನೀನು, ಕಾಲೇನಾದರೂ ಊನವೋ ಏನೋ ಅಂತ ದಾರಿಯುದ್ದಕ್ಕೂ ನಮ್ಮಪ್ಪ ತಲೆ ಕೆಡಿಸಿಕೊಂಡಿದ್ದರು. ಅವಳೂ ನಕ್ಕಿದ್ದಳು.

ಪರದೆ ಸರಿಸಿ ಹೊರಗೆ ಬಂದಳು. ಅವಳ ಮುಖ ನೋಡಿ ಸೌಜನ್ಯಗೆ ಏನೋ ಎಡವಟ್ಟಾಗಿದೆ ಅನ್ನಿಸಿರಬೇಕು, ಸಮಾಧಾನ ಮಾಡುವವಳಂತೆ ಮೊಬೈಲು ತೆಗೆದು ಒಂದು ಚಿತ್ರ ತೋರಿಸಿದಳು. ತಲೆಯಿಲ್ಲದ ಹೆಂಗಸರು ಸಾಲಾಗಿ ನಿಂತಿದ್ದರು. "ನೋಡಿ ಮೇಡಂ, ನಾವು ಸುಮ್ನೆ ಹೊಲಿಯಲ್ಲ. ಬಾಡಿ ಶೇಪ್ ನೋಡಿ ಹೊಲಿಯೋದು. ಇದು ಪಿಯರ್ ಶೇಪ್, ಕೆಳಗೆ ಅಗಲ. ಇವ್ರಿಗೆ ತೋಳಿಗೆ ವರ್ಕ್ ಜಾಸ್ತಿ ಹಾಕ್ತೀವಿ, ನೋಡೋರ ಕಣ್ಣು ಮೇಲಕ್ಕೆ ಹೋಗ್ಬೇಕು. ಇದು ಆಪಲ್. ಇವ್ರು ಹೊಟ್ಟೆ ಮೇಲೆ ಏನೂ ಕಟ್ಟಲೇಬಾರ್ದು, ಎದೆ ಕೆಳಗೇ ಒಂದು ಗೆರೆ ನಿಲ್ಲಿಸ್ಬಿಡ್ಬೇಕು. ಇದು ರೆಕ್ಟಾಂಗಲ್, ಮೇಲಿಂದ ಕೆಳಗೆ ಒಂದೇ ಸಮ. ಇವ್ರಿಗೆ ಸೊಂಟಾನೇ ಇರಲ್ಲ, ನಾವೇ ಮಾಡ್ಬೇಕು. ನೆರಿಗೆ ದಪ್ಪ ಹಿಡಿದು, ಬೆಲ್ಟ್ ಬಿಗಿದು. ಇನ್ನು ಈ ಅವರ್‌ಗ್ಲಾಸ್ ಇದಾರಲ್ಲ, ಇವ್ರಿಗೆ ಬಿಡಿ, ಗೋಣಿಚೀಲ ಸುತ್ತಿದ್ರೂ ಚೆಂದ."

"ನಂದು ಯಾವ್ದು?"

ಸೌಜನ್ಯ ಅವಳನ್ನು ಮೇಲಿಂದ ಕೆಳಗೆ ನೋಡಿ ತಡವರಿಸಿದಳು. "ನಿಮ್ದು... ಆಪಲ್ಲೂ ಹೌದು, ರೆಕ್ಟಾಂಗಲ್ಲೂ ಹೌದು ಮೇಡಂ."

ತೇಜಶ್ರೀ ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ದುಂಡಗಿರುವುದು ಆಯತವಾಗುವುದಿಲ್ಲ ಎಂದು ಅವಳ ಎಂಟನೇ ಕ್ಲಾಸಿನ ಹುಡುಗರಿಗೂ ಗೊತ್ತು. ಆ ಹುಡುಗರೇ ಅವಳಿಗೆ ಡ್ರಮ್ ಮಿಸ್ ಎಂದು ಹೆಸರಿಟ್ಟವರು. ಹೆಸರು ಕಿವಿಗೆ ಬಿದ್ದ ಮರುದಿನವೇ ಪುಸ್ತಕದಲ್ಲಿ ಸಿಲಿಂಡರಿನ ಘನಫಲ ಬಂದಿತ್ತು. ಮುಂದಕ್ಕೆ ಹಾಕಬಹುದಿತ್ತು, ಹಾಕಲಿಲ್ಲ. ಬೋರ್ಡಿನ ಮೇಲೆ ದೊಡ್ಡದಾಗಿ ಒಂದು ಡ್ರಮ್ಮು ಬರೆದು ತಿರುಗಿ, ಇದರಲ್ಲಿ ಎಷ್ಟು ನೀರು ಹಿಡಿಸುತ್ತೆ ಹೇಳ್ರೋ ಎಂದಿದ್ದಳು. ಇಡೀ ಕ್ಲಾಸು ನಗು ತಡೆದುಕೊಂಡು ಕೆಂಪಾಗಿತ್ತು. ಸಂಜೆ ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದು ಮಾತ್ರ ಯಾರಿಗೂ ಗೊತ್ತಿಲ್ಲ. ಶಾಲೆಯಲ್ಲಿ ಅಷ್ಟು ಧೈರ್ಯ ಇರುವ ಹೆಂಗಸು ಅವ್ವನ ಮುಂದೆ ಯಾಕೆ ಪಿನ್ನು ಚುಚ್ಚಿಸಿಕೊಂಡು ನಿಲ್ಲುತ್ತಾಳೆ ಎಂಬ ಲೆಕ್ಕ ಮಾತ್ರ ಅವಳಿಗೆ ಇವತ್ತಿಗೂ ಬಿಡಿಸಲು ಬಂದಿಲ್ಲ.

"ಹಂಗೇ ಇದೊಂದು ತಗೊಂಡೋಗ್ಬಿಡಿ ಮೇಡಂ," ಸೌಜನ್ಯ ಇನ್ನೊಂದು ಕವರು ಮುಂದಿಟ್ಟಳು. "ಕಳಸಗಿತ್ತಿ ಬ್ಲೌಸು. ನಿಮ್ಮ ಚಿಕ್ಕಪ್ಪನ ಮಗಳು ಧನ್ಯಾ ಅವ್ರದ್ದು."

ತೇಜಶ್ರೀ ಕವರಿನೊಳಗೆ ಇಣುಕಿದಳು. ಮಾವಿನೆಲೆ ಹಸಿರು, ಕೆಂಪಂಚು. ಅವಳ ಅಪ್ಪ ಕೆಂಪಣ್ಣನವರ ಮನೆಯಲ್ಲಿ ಮದುಮಗನ ಪಕ್ಕ ಕಳಸ ಹಿಡಿದು ನಿಲ್ಲುವವಳು ಉಡುವ ಬಣ್ಣ ಅದು. ಚಪ್ಪರದ ದಿನ ಹೊಸನೀರು ತರುವಲ್ಲಿಂದ ಧಾರೆ ಮುಗಿದು ಹೆಣ್ಣನ್ನು ಮನೆ ತುಂಬಿಸಿಕೊಳ್ಳುವ ತನಕ ಅವಳು ಮದುಮಗನನ್ನು ಬಿಟ್ಟು ಕದಲುವಂತಿಲ್ಲ. ಅದು ಒಡಹುಟ್ಟಿದವಳ ಜಾಗ. ಆ ಮನೆಯ ಬೆಳ್ಳಿಯ ಡಾಬನ್ನು ಅವಳು ಸೊಂಟಕ್ಕೆ ಕಟ್ಟಬೇಕು, ಸೆರಗು ಮುಚ್ಚದೆ, ನಾಲ್ಕು ಜನಕ್ಕೆ ಕಾಣುವ ಹಾಗೆ. ಅಪ್ಪನ ಮದುವೆಯಲ್ಲಿ ಸೋದರತ್ತೆ ಕಟ್ಟಿದ್ದಳು. ತಮ್ಮ ಮನುವಿಗೆ ಇರುವುದು ಒಬ್ಬಳೇ ಅಕ್ಕ, ಅವನ ಮದುವೆಯ ಮಾತು ಎದ್ದ ದಿನದಿಂದ ತೇಜಶ್ರೀ ಬೇರೆ ಏನನ್ನೂ ಯೋಚಿಸಿರಲಿಲ್ಲ. ಹಸಿರು ಸೀರೆಯನ್ನು ತಾನೇ ಹೋಗಿ ತಂದಿದ್ದಳು. ಈಗ ಅದೇ ಹಸಿರಿನ ಇನ್ನೊಂದು ಬ್ಲೌಸು, ಅವಳ ಒಂದು ತೋಳು ಹೋಗುವಷ್ಟು ಅಗಲದ್ದು, ಕವರಿನಲ್ಲಿ ಮಡಚಿಕೊಂಡು ಕೂತಿತ್ತು. ಯಾರೂ ಅವಳಿಗೆ ಹೇಳಿರಲಿಲ್ಲ. ಎಲ್ಲರೂ ಕೂತು ಮಾತಾಡಿರಬೇಕು, ಕಾಫಿ ಕುಡಿದಿರಬೇಕು, ಅವಳಿಗೆ ಯಾರು ಹೇಳುವುದು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದುಹೋಗಿರಬೇಕು. ಅವಮಾನ ಎನ್ನುವುದು ಹೊಟ್ಟೆಯಲ್ಲಿ ಆಗುತ್ತದೆ ಎಂದು ಅವಳಿಗೆ ಆಗ ಗೊತ್ತಾಯಿತು.

"ಸೌಜನ್ಯ, ಕತ್ರಿ ತಗೊಳ್ಳಿ."

"ಯಾಕೆ ಮೇಡಂ?"

"ನಂದು ಬ್ಲೌಸು ಕತ್ತರಿಸಿ. ಅವತ್ತು ನಾನು ತೋರಿಸಿದ್ದೆನಲ್ಲ, ಅಲ್ಲಿಗೆ."

"ನಿಮ್ಮಮ್ಮ ಬೈತಾರೆ ಮೇಡಂ ನನ್ನ."

"ನಿಮಗಲ್ಲ ಬೈಯೋದು. ಕತ್ತರಿಸಿ."

ಹೊಳೆನರಸೀಪುರದ ಮೇಲೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹತ್ತುವಾಗ ಇದ್ದ ಆವೇಶ ಊರು ದಾಟುವ ಹೊತ್ತಿಗೆ ಇಳಿಯತೊಡಗಿತ್ತು, ಅವಳ ಆವೇಶಗಳ ಹಣೆಬರಹವೇ ಅಷ್ಟು. ಅವ್ವ ಹೇಳುವುದರಲ್ಲಿ ತಪ್ಪೇನಿದೆ ಎಂದು ಅವಳೇ ಅವ್ವನ ಪರವಾಗಿ ವಾದಿಸಿಕೊಂಡಳು. ಹೆಣ್ಣಿನ ಕಡೆಯವರು ದಂಡಿಗನಹಳ್ಳಿಯ ಅನುಕೂಲಸ್ಥರು, ಚನ್ನರಾಯಪಟ್ಟಣದಲ್ಲಿ ಅಂಗಡಿ ಇಟ್ಟವರು, ಹುಡುಗಿ ರೂಪಶ್ರೀ ತಿದ್ದಿ ತೀಡಿದ ಹಾಗಿದ್ದಾಳೆ. ಧನ್ಯಾ ನಿಂತರೆ ಜೋಡಿಗೆ ಒಪ್ಪುತ್ತದೆ. ಒಳ್ಳೆ ಕೆಲಸದಲ್ಲಿ ಮುಖ ಊದಿಸಿಕೊಂಡು ಕೂತವಳು ಎಂಬ ಹೆಸರು ಬೇರೆ ಯಾಕೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಚೀಲ ಸರಿಪಡಿಸುತ್ತ, ಸ್ವಲ್ಪ ಆ ಕಡೆ ಸರ್ಕೊಳಿ ಎಂದಳು. ಸರಿದುಕೊಳ್ಳಲು ಜಾಗವಿರಲಿಲ್ಲ, ಕಿಟಕಿಯ ಕಂಬಿ ಆಗಲೇ ಪಕ್ಕೆಗೆ ಒತ್ತುತ್ತಿತ್ತು, ಆದರೂ ಅಭ್ಯಾಸಬಲದಿಂದ ಮೈ ಹಿಡಿ ಮಾಡಿಕೊಂಡಳು. ಸರಿದುಕೊಂಡು ಸರಿದುಕೊಂಡೇ ಇಷ್ಟು ವರ್ಷವಾಯಿತು. ಸ್ಟಾಫ್ ಫೋಟೋದಲ್ಲಿ ಹಿಂದಿನ ಸಾಲು, ಮದುವೆಮನೆಯಲ್ಲಿ ಬಡಿಸುವವರ ಸಾಲು, ಅಂಗಡಿಯಲ್ಲಿ ನಿಮ್ಮ ಸೈಜು ಒಳಗಿದೆ ಎಂದು ಮೂಲೆಗೆ ಕರೆದುಕೊಂಡು ಹೋಗುವ ಹುಡುಗಿಯ ಹಿಂದೆ ಹಿಂದೆ. ಇಷ್ಟೆಲ್ಲ ಸರಿದು ಕೊನೆಗೆ ತಮ್ಮನ ಪಕ್ಕದಿಂದಲೂ ಸರಿಯಬೇಕೆ. ಇದೊಂದನ್ನು ಬಿಟ್ಟರೆ ಅವಳಿಗೆ ಆ ಮನೆಯಲ್ಲಿ ನಿಲ್ಲಲು ಬೇರೆ ಜಾಗವೇ ಇಲ್ಲ ಅನ್ನಿಸಿ ಇಳಿದ ಸಿಟ್ಟು ಮತ್ತೆ ಏರಿತು.

"ಜಾಗ ಇಲ್ಲ ಕಣ್ರೀ," ಎಂದಳು ಪಕ್ಕದವಳಿಗೆ. "ನಾನು ಇರೋದೇ ಇಷ್ಟು."

ಹಳ್ಳಿಮೈಸೂರಿನಲ್ಲಿ ಇಳಿದು ಆಟೋ ಹಿಡಿದು ಮನೆ ತಲುಪಿದಾಗ ಚಪ್ಪರಕ್ಕೆ ಹೊಂಗೆ ಸೊಪ್ಪು ಹೊದಿಸುತ್ತಿದ್ದರು. ನಡುಮನೆಯಲ್ಲಿ ಅವ್ವ ಮಂಡಿಯೂರಿ ಕೂತು ಧನ್ಯಾಗೆ ಸೀರೆ ಉಡಿಸುತ್ತಿದ್ದಳು. ಸದ್ಯಕ್ಕೆ ಯಾವುದೋ ಕೆಂಪು ಬ್ಲೌಸು ಹಾಕಿಕೊಂಡ ಧನ್ಯಾ ಎರಡು ಕೈಯನ್ನೂ ಮೇಲೆತ್ತಿ, ಬಸ್ಸಿನಲ್ಲಿ ಕಂಬಿ ಹಿಡಿದವಳಂತೆ ನಿಂತಿದ್ದಳು. ಅವಳ ಲಂಗದ ಮೇಲೆ ಇನ್ನೊಂದು ಲಂಗ, ಅದರ ಮೇಲೆ ಪಕ್ಕೆಗೆ ಮಡಚಿ ಕಟ್ಟಿದ ಟವೆಲು.

"ಇದೇನವ್ವ ಟವೆಲು?" ತೇಜಶ್ರೀ ಬಾಗಿಲಲ್ಲೇ ನಿಂತು ಕೇಳಿದಳು.

ಅವ್ವ ಬೆಚ್ಚಿದಳು. ಧನ್ಯಾ ಉತ್ತರ ಕೊಟ್ಟಳು: "ನಂಗೂ ನಡು ಇಲ್ವಂತೆ ತೇಜಕ್ಕ. ಬರೀ ಮೂಳೆಯಂತೆ. ಡಾಬು ಜಾರ್ತದೆ ಅಂತ ದೊಡ್ಡವ್ವ ತುಂಬ್ತಾ ಅವ್ರೆ."

ತೇಜಶ್ರೀಗೆ ತಡೆಯಲಾಗಲಿಲ್ಲ, ಜೋರಾಗಿ ನಕ್ಕುಬಿಟ್ಟಳು. ಇದ್ದವಳದ್ದನ್ನು ಅಮುಕುವುದು, ಇಲ್ಲದವಳಿಗೆ ಟವೆಲು ತುರುಕುವುದು. ಸೌಜನ್ಯಳ ಮೊಬೈಲಿನ ತಲೆಯಿಲ್ಲದ ಹೆಂಗಸರಲ್ಲಿ ಒಬ್ಬಳಾದರೂ ಹಾಗೇ ಇರಲಿ ಎಂದು ಬಿಟ್ಟವರುಂಟೆ. ನಗು ಕೇಳಿ ಹಜಾರದಿಂದ ಅಪ್ಪ ಕೆಂಪಣ್ಣ ಬಂದ, ಅವನ ಹಿಂದೆ ಅರಿಶಿನದ ಪಂಚೆಯಲ್ಲಿ ಮನು. ಅವ್ವ ಎದ್ದು ನಿಂತು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಕೂತ್ಕಳವ್ವ, ಬಿಸ್ಲಲ್ಲಿ ಬಂದಿದೀಯ. ನೋಡು ತೇಜು, ನೀನು ಎಲ್ಡ್ ದಿನ ನಿಂತೇ ಇದ್ರೆ ಕಾಲು ನೋಯ್ತದೆ ಅಂತ..."

"ಶಾಲೇಲಿ ದಿನಾ ನಿಂತೇ ಇರ್ತೀನಿ ಕಣವ್ವ. ನಿಜ ಹೇಳು."

"ಆ ದಂಡಿಗನಹಳ್ಳಿಯೋರು ನೋಡ್ತಾರೆ. ವಿಡಿಯೋದಲ್ಲಿ ಬತ್ತದೆ. ಅವ್ರ ಮನೆ ಎಂಗುಸ್ರು ಮೂಲೇಲಿ ನಿಂತ್ಕಂಡು ಆಡ್ಕತಾರೆ. ನಿನ್ನ ಒಳ್ಳೇದುಕ್ಕೇ ಕಣ್ ಮಗಾ ನಾನು ಏಳೋದು."

"ಕಳಸ ನಾನೇ ಹಿಡೀತೀನಿ."

"ಇಡಿ ಅಂದ್ರೂ ಈಗ ಆಗಾಕಿಲ್ವಲ್ಲವ್ವ." ಅವ್ವ ಧನ್ಯಾಳ ಪಕ್ಕದಲ್ಲಿದ್ದ ತಟ್ಟೆಯಿಂದ ಡಾಬು ಎತ್ತಿದಳು. "ಧನ್ಯನ ಅಳ್ತೆಗೆ ಬಿಲ್ಲೆ ತೆಗ್ಸಿಬುಟ್ಟಿದೀವಿ. ನಿಂಗೆ ಸುತ್ತಾಕಿಲ್ಲ."

"ತೆಗೆದ ಬಿಲ್ಲೆ ಎಲ್ಲಿ? ಮತ್ತೆ ಸೇರ್ಸಾಣ."

ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ಚಪ್ಪರದ ಕಡೆ ನೋಡಿದ. "ಬೆಳ್ಳಿ ಸುಮ್ನೆ ಬಿದ್ದಿರ್ತದಲ್ಲ ಅಂತ," ಎಂದ ಕೊನೆಗೆ, "ಕರಗ್ಸಿ ಸೊಸೆಗೆ ಕಾಲುಂಗುರ ಮಾಡ್ಸಿಬುಟ್ವಿ ಕಣವ್ವ. ನಾಳಿಕೆ ತೊಡ್ಸಬೇಕಲ್ಲ."

ತೇಜಶ್ರೀ ಡಾಬನ್ನು ಕೈಗೆ ತೆಗೆದುಕೊಂಡಳು. ಅಜ್ಜಿಯ ಕಾಲದ್ದು, ಎಷ್ಟು ತಿಕ್ಕಿದರೂ ಸಂದಿನಲ್ಲಿ ಕಪ್ಪು ಹೋಗದ ಬೆಳ್ಳಿ, ಅದಕ್ಕೆ ಇಷ್ಟು ವರ್ಷ ಯಾರ ಸೊಂಟವೂ ದೊಡ್ಡದೆನಿಸಿರಲಿಲ್ಲ. ಸೋದರತ್ತೆಯೂ ಅವಳಿಗಿಂತ ಗಟ್ಟಿ ಆಳು. ಅವಳ ಪಾಲಿನ ನಡುವನ್ನು ಕತ್ತರಿಸಿ ನಾದಿನಿಯ ಕಾಲ್ಬೆರಳಿಗೆ ಹಾಕುತ್ತಿದ್ದಾರೆ, ಮಾಂಗಲ್ಯದ ಸಾಮಾನು, ತಿರುಗಿ ಕೇಳುವಂತಿಲ್ಲ, ಆ ಹುಡುಗಿಯದೇನೂ ತಪ್ಪಿಲ್ಲ, ತಪ್ಪು ಯಾರದ್ದೂ ಅಲ್ಲ, ಎಲ್ಲರೂ ಒಳ್ಳೆಯದಕ್ಕೇ ಮಾಡಿದ್ದಾರೆ. ಈ ಒಳ್ಳೆಯದರ ಕಾಟ ಸಾಕಾಗಿಹೋಗಿತ್ತು ಅವಳಿಗೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

"ಅಕ್ಕ, ನಾನೇನೂ ಹೇಳ್ಲಿಲ್ಲ," ಎಂದ ಮನು, ನೆಲ ನೋಡುತ್ತ.

"ಹೇಳ್ಲಿಲ್ಲ ಕಣ್ಲಾ. ಅದೇ ನಿನ್ನ ಮೇಲೆ ನಂಗಿರೋ ಸಿಟ್ಟು." ಅವಳ ದನಿ ನಡುಗಿತು, ನಡುಗಲಿ ಎಂದು ಬಿಟ್ಟಳು. "ಅವ್ವ ಗದ್ದೆಗೆ ಹೋದ್ರೆ ಸಂಜೆಗಂಟ ನೀನು ಕುಂತಿರ್ತಿದ್ದದ್ದು ಎಲ್ಲಿ ಹೇಳ್ಲಾ? ಈ ಸೊಂಟದ ಮೇಲೆ. ನಾನು ಸ್ಕೂಲಿಗೂ ನಿನ್ನ ಎತ್ಕಂಡೇ ಹೋಗ್ತಿದ್ದೆ. ಒಂದ್ ದಿನ ಜಾರಿ ಬಿದ್ದಿದ್ದೇನ್ಲಾ ನೀನು?"

ಮನುವಿನ ಕಿವಿ ಕೆಂಪಾದದ್ದು ಅರಿಶಿನದ ನಡುವೆಯೂ ಕಂಡಿತು. ಧನ್ಯಾ ಕೈ ಇಳಿಸಿ, ಪಕ್ಕೆಯಿಂದ ಟವೆಲು ಎಳೆದು ತೆಗೆದು ಮಂಚದ ಮೇಲೆ ಎಸೆದಳು. "ತೇಜಕ್ಕಾನೇ ಹಿಡೀಲಿ ದೊಡ್ಡವ್ವ, ನಂಗೆ ಸೆಕೆ ಆಯ್ತದೆ," ಎಂದಳು. ಅವಳು ಹೇಳಿದ್ದು ತನ್ನ ಮೇಲಿನ ಅಕ್ಕರೆಗೋ ಸೆಕೆಗೋ ತೇಜಶ್ರೀಗೆ ತಿಳಿಯಲಿಲ್ಲ. ಯಾವುದಾದರೂ ಆಗಬಹುದು ಎಂದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕತ್ತರಿಸಿದ ಬ್ಲೌಸು ಹೇಳಿದ ಜಾಗಕ್ಕೇ ನಿಂತಿತು. ನೆರಿಗೆಯನ್ನು ಸಣ್ಣದೂ ಅಲ್ಲ ದಪ್ಪವೂ ಅಲ್ಲ ಕೈಗೆ ಬಂದಷ್ಟು ಹಿಡಿದು ಸಿಕ್ಕಿಸಿದಳು. ಸೆರಗನ್ನು ಒಂದೇ ಪದರಕ್ಕೆ ಮಡಚಿ ಹೆಗಲಿಗೆ ಏರಿಸಿ ಹಿಂದಕ್ಕೆ ಬಿಟ್ಟಳು. ನಡುವೆ ಉಳಿದದ್ದು ಅವಳ ಮೈ, ಅಂಗೈಯಗಲ, ಹೆರಿಗೆಯ ಬಿಳಿ ಗೆರೆಗಳೊಂದಿಗೆ. ಎಂದೂ ಬಿಸಿಲು ಕಾಣದ ಅಲ್ಲಿನ ಚರ್ಮ ಅವಳ ಕೈಗಿಂತ ತಿಳಿಯಾಗಿತ್ತು. ನಾಚಿಕೆಯಾಗುತ್ತದೆ ಎಂದುಕೊಂಡಿದ್ದಳು, ಆಯಿತು ಕೂಡ. ಆದರೂ ನೋಡುವುದನ್ನು ನಿಲ್ಲಿಸಲಿಲ್ಲ.

ಬಾಗಿಲು ತಟ್ಟಿ ಅವ್ವ ಬಂದಳು. ಕೈಯಲ್ಲಿ ಅರಿಶಿನ ಹಚ್ಚಿದ ದಾರದ ಉಂಡೆ. ಡಾಬು ತೆಗೆದುಕೊಂಡು ಹಿಂದಿನಿಂದ ಸುತ್ತಿ ತಂದಳು, ತುದಿಗಳು ಹೊಟ್ಟೆಯ ಮುಂದೆ ಒಂದಕ್ಕೊಂದು ಸಿಗದೆ ನಿಂತವು.

"ಕೊಂಡಿ ಇಂದಕ್ಕೆ ತಿರುಗುಸ್ತೀನಿ, ದಾರ ಕಾಣಾಕಿಲ್ಲ."

"ಮುಂದೇ ಇರ್ಲಿ ಕಣವ್ವ. ಕೊಂಡಿ ಇರೋದೇ ಮುಂದೆ."

ಅವ್ವ ಮಂಡಿಯೂರಿದಳು. ದಾರ ಕೊಂಡಿಗೆ ಪೋಣಿಸುತ್ತ, ತಲೆ ಎತ್ತದೆ ಹೇಳಿದಳು: "ನಮ್ಮಣ್ಣನ ಮದ್ವೇಲಿ ನಾನು ಒಲೆ ಮುಂದೆ ಕುಂತಿದ್ದೆ ಕಣವ್ವ. ಯಾರೂ ಕರೀಲಿಲ್ಲ. ಯಾರೂ ನಗ್ಲೂ ಇಲ್ಲ. ಅದೇ ವಾಸಿ ಅಂದ್ಕಂಡಿದ್ದೆ."

ತೇಜಶ್ರೀ ಕೆಳಗೆ ನೋಡಿದಳು. ಅವ್ವನ ಬೈತಲೆ, ಅಗಲವಾದ ಬೆನ್ನು, ಎರಡು ಸುತ್ತು ಬರುವ ಹಾಗೆ ಹೊದ್ದ ಸೆರಗು. ಅದೇ ಮೈ. ಇಷ್ಟು ವಯಸ್ಸಾದರೂ ಅವ್ವನ ನಡುವನ್ನು ಅವಳು ನೋಡಿರಲಿಲ್ಲ. ಕನಿಕರ ಬಂತು, ಆದರೆ ಸಿಟ್ಟು ಹೋಗಲಿಲ್ಲ. ಎರಡೂ ಇರಲಿ, ಒಂದಕ್ಕಾಗಿ ಇನ್ನೊಂದನ್ನು ಬಿಡುವ ಅಗತ್ಯವಿಲ್ಲ ಎಂದು ಅವಳಿಗೆ ಖಚಿತವಾಗಿತ್ತು.

"ಉಸ್ರು ಒಳಕ್ಕೆ ಎಳ್ಕಳವ್ವ," ಎಂದಳು ಅವ್ವ. "ಒಂದ್ ಬೆರಳಷ್ಟಾದ್ರೂ ಅತ್ರ ಬರ್ಲಿ."

ಅವಳು ಎಳೆದುಕೊಂಡಳು. ಯೋಚಿಸುವ ಮೊದಲೇ ಹೊಟ್ಟೆ ತಾನಾಗಿ ಒಳಗೆ ಹೋಗಿತ್ತು, ಕರೆದರೆ ಓಡಿಬರುವ ನಾಯಿಯ ಹಾಗೆ. ಹೈಸ್ಕೂಲಿನ ಬೆಂಚಿನಿಂದ ಹೀಗೇ. ಹಸೆಮಣೆಯ ಮೇಲೆ ಹೀಗೇ, ಮಗುವಿನ ನಾಮಕರಣದಲ್ಲಿ, ಕುಮಾರನ ಪಕ್ಕ ಮಲಗಿದಾಗಲೂ ದೀಪ ಆರುವ ತನಕ ಹೀಗೇ. ತಾನು ಉಸಿರು ಬಿಟ್ಟಿರುವ ಒಂದೇ ಒಂದು ಫೋಟೋ ಅವಳಿಗೆ ನೆನಪಾಗಲಿಲ್ಲ. ಕಿವಿಯಲ್ಲಿ ಗುಂಯ್ ಎಂದಿತು. ಅವ್ವನ ಬೆರಳು ದಾರ ಬಿಗಿಯುತ್ತಿತ್ತು.

ಬಿಟ್ಟಳು. ಪೂರ್ತಿ ಬಿಟ್ಟಳು. ಹೊಟ್ಟೆ ಮುಂದಕ್ಕೆ ಬಂದು ತನ್ನ ಜಾಗದಲ್ಲಿ ನಿಂತಿತು. ದಾರ ಅವ್ವನ ಬೆರಳಿನಿಂದ ಜಾರಿ ಸಡಿಲವಾಯಿತು, ಡಾಬಿನ ತುದಿಗಳು ಇನ್ನಷ್ಟು ದೂರ ಸರಿದವು.

"ಈಗ ಕಟ್ಟವ್ವ."

ಅವ್ವ ತಲೆ ಎತ್ತಿ ಅವಳ ಮುಖ ನೋಡಿದಳು. ಆಮೇಲೆ ಉಂಡೆಯಿಂದ ಇನ್ನಷ್ಟು ದಾರ ಬಿಚ್ಚಿ, ಈ ಕಡೆಯಿಂದ ಆ ಕಡೆಗೆ ನಾಲ್ಕು ಎಳೆ ಹಾಯಿಸಿ ಗಂಟು ಹಾಕಿದಳು.

ಹೊರಗೆ ವಾಲಗ ಶುರುವಾಗಿತ್ತು. ಕಳಸಗಿತ್ತಿ ಎಲ್ರವ್ವ, ಒತ್ತಾಯ್ತು ಎಂದು ಯಾರೋ ಕೂಗಿದರು. ತೇಜಶ್ರೀ ಚಪ್ಪರಕ್ಕೆ ಬಂದು ಕಳಸ ಎತ್ತಿಕೊಂಡು ಮನುವಿನ ಪಕ್ಕ ನಿಂತಳು. ಹೊಟ್ಟೆಯ ಮೇಲೆ ಬೆಳ್ಳಿ, ನಡುವೆ ಹಳದಿ ದಾರ. ನೆರೆಮನೆಯ ಹೆಂಗಸರಲ್ಲಿ ಒಬ್ಬಳು ಇನ್ನೊಬ್ಬಳ ಕಿವಿಗೆ ಬಾಗಿದ್ದು ಕಂಡಿತು. ವಿಡಿಯೋದವನು ಕ್ಯಾಮೆರಾ ಇಳಿಸಿ ಹತ್ತಿರ ಬಂದು ದನಿ ತಗ್ಗಿಸಿದ, "ಅಕ್ಕ, ಸೆರಗು ಸ್ವಲ್ಪ ಮುಂದಕ್ಕೆ ಎಳ್ಕೊಳಿ. ಇಲ್ಲಾಂದ್ರೆ ಮುಖ ಮಾತ್ರ ಹಿಡೀತೀನಿ."

"ಸೆರಗು ಇಲ್ಲೇ ಇರ್ತದೆ," ಎಂದಳು ತೇಜಶ್ರೀ, ಎಲ್ಲರಿಗೂ ಕೇಳುವ ಹಾಗೆ. "ನೀನು ಹಿಂದಕ್ಕೆ ಹೋಗಪ್ಪ. ಪೂರ್ತಿ ಬರ್ಬೇಕು ನಾನು."